ಲಗಾಶದ ತೆಂಗಿನಕಾಯಿ

ಆಟಿ ತಿಂಗಳು, ಮಧ್ಯಾಹ್ನ ನಾಲ್ಕು ಗಂಟೆ, ಹೊರಗೆ ಜಡಿಮಳೆ. ಓದು ಶುರುವಾದದ್ದು ಆ ಹೊತ್ತಿನಲ್ಲಿ.

ಠಾಕುರ್ಲಿ ಸ್ಟೇಷನ್ನಿನಿಂದ ಏಳೆಂಟು ನಿಮಿಷ ನಡೆದರೆ ಸಿಗುವ ನಾಲ್ಕು ಮಾಳಿಗೆಯ ಹಳೆಯ ಕಟ್ಟಡ. ಕಂಬಗಳ ಒಳಗಿನ ಕಬ್ಬಿಣ ತುಕ್ಕು ಹಿಡಿದು, ಸಿಮೆಂಟು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಆ ದಿನ ಬೆಳಿಗ್ಗೆ ಸೊಸೈಟಿಯವರು ಗೇಟಿನ ಫಲಕಕ್ಕೆ ಒಂದು ಕಾಗದ ಅಂಟಿಸಿ ಹೋಗಿದ್ದರು. ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರೆ, ದೀಪಾವಳಿಯ ಒಳಗೆ ಎಲ್ಲರೂ ಮನೆ ಖಾಲಿ ಮಾಡಬೇಕು ಎಂದು ಮರಾಠಿಯಲ್ಲಿ ಬರೆದಿತ್ತು. ಪೂವಪ್ಪ ಕೊಡೆ ಹಿಡಿದು ನಿಂತು ಅದನ್ನು ಎರಡು ಸಲ ಓದಿದ. ಆಮೇಲೆ ಮೂರನೆಯ ಮಾಳಿಗೆಯ ತನ್ನ ಮನೆಗೆ ಹತ್ತದೆ ಕೆಳಗಿನ ಒಂದನೇ ನಂಬರಿನ ಬಾಗಿಲು ತಟ್ಟಿದ.

ಅಲ್ಲಿದ್ದವರು ಪುಂಡರೀಕಾಕ್ಷ ಮಾಸ್ತರರು. ವಯಸ್ಸು ಎಂಬತ್ತನಾಲ್ಕು, ಮದುವೆಯಾದವರಲ್ಲ. ಹಗಲು ಬಂದರಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ಸಂಜೆಯ ಮೇಲೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಹೊಟೇಲು ಹುಡುಗರಿಗೆ ಪಾಠ ಹೇಳಿದವರು. ಒಂದೆರಡು ವರ್ಷವಲ್ಲ, ಮೂವತ್ತೊಂದು ವರ್ಷ. ಪೂವಪ್ಪನಿಗೆ ಅಕ್ಷರ ಕಲಿಸಿದವರೂ ಅವರೇ. ಹನ್ನೆರಡನೇ ವಯಸ್ಸಿನಲ್ಲಿ ಗಂಗೊಳ್ಳಿಯಿಂದ ಹೆಂಚು ತುಂಬಿದ ಮಂಜಿಯಲ್ಲಿ, ಆ ಹಾಯಿ ಹಡಗಿನ ಹೆಂಚಿನ ರಾಶಿಯ ಮೇಲೆಯೇ ಮಲಗಿಕೊಂಡು ಮುಂಬಯಿಗೆ ಬಂದವನಿಗೆ ಎರಡೂವರೆ ವರ್ಷದ ಶಾಲೆ ಸಿಕ್ಕಿತು. ಆಮೇಲೆ ಕೆಲಸದ ಹೊತ್ತು ಬದಲಾಗಿ ಶಾಲೆ ತಪ್ಪಿತು, ಮಾಸ್ತರರೂ ತಪ್ಪಿಹೋದರು. ಐವತ್ತು ವರ್ಷ ಕಳೆದು ಮಗ ಲತೇಶ ಈ ಕಟ್ಟಡದಲ್ಲಿ ಮನೆ ತೆಗೆದುಕೊಂಡಾಗ, ಕೆಳಗೆ ನೀರಿನ ಪಂಪಿನ ಹತ್ತಿರ ಯಾರೋ ಮುದುಕರು ಅಚ್ಚ ಕನ್ನಡದಲ್ಲಿ ಪಂಪಿಗೆ ಬೈಯುವುದು ಕೇಳಿತು. ದನಿ ಕೇಳಿಯೇ ಪೂವಪ್ಪ ಕೈ ಕಟ್ಟಿ ನಿಂತಿದ್ದ.

ಈಗ ಮಾಸ್ತರರ ಕಣ್ಣು ಪೂರ್ತಿ ಹೋಗಿತ್ತು. ಕಣ್ಣಿನ ನರ ಒಣಗಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು.

"ನೋಟೀಸು ಬಂತಂತೆ?" ಎಂದರು ಮಾಸ್ತರರು, ಬಾಗಿಲು ತೆರೆಯುವ ಮೊದಲೇ.

"ಬಂತು ಮಾಸ್ತರ್ರೆ. ದೀಪಾವಳಿಗೆ ಮುಂಚೆ ಬಿಡ್ಬೇಕಂತೆ. ನಮ್ಮ ಲತೇಶ ಐರೋಲಿಯಲ್ಲಿ ಬಾಡಿಗೆ ಮನೆ ನೋಡ್ತಾನೆ, ಅವನ ಕಂಪೆನಿಗೆ ಹತ್ತಿರ ಅಂತ. ನೀವು?"

"ಕುಂದಾಪುರಕ್ಕೆ. ತಂಗಿಯ ಮಗಳು ಜಯಲತಾ ಉಂಟಲ್ಲ, ಅವಳು ಬಂದು ಕರ್ಕೊಂಡು ಹೋಗ್ತಾಳಂತೆ." ಮಾಸ್ತರರು ಗೋಡೆ ಹಿಡಿದು ಕಪಾಟಿನ ತನಕ ಹೋದರು. "ಇದನ್ನು ತೆಗಿ."

ಕಪಾಟಿನಲ್ಲಿ ಹನ್ನೊಂದು ಪುಸ್ತಕ. ಉದ್ದ ಪಟ್ಟಿಯ, ರಟ್ಟಿನ ಹೊದಿಕೆಯ, ಕೈಬರಹದ ಪುಸ್ತಕಗಳು. ರಾತ್ರಿ ಶಾಲೆಯ ಹುಡುಗರಿಗಾಗಿ ಮಾಸ್ತರರು ಲೈಬ್ರರಿಗಳಲ್ಲಿ ಕೂತು ಬರೆದದ್ದು: ಲೋಕದ ಮೊದಲ ಪಟ್ಟಣಗಳು ಹೇಗೆ ಹುಟ್ಟಿದವು, ಜನ ಏನು ಬೆಳೆದರು, ಯಾವ ದೇವರಿಗೆ ಕೈ ಮುಗಿದರು, ಯಾರು ಮೇಲೆ ಯಾರು ಕೆಳಗೆ. ಬರೆದು ಮುಗಿಸುವಷ್ಟರಲ್ಲಿ ಹುಡುಗರು ಬರುವುದು ನಿಂತು ಶಾಲೆಯೇ ಮುಚ್ಚಿತ್ತು.

"ನಾಳೆ ತಿದ್ದುವ, ನಾಳೆ ತಿದ್ದುವ ಅಂತ ಕಣ್ಣು ಹೋಯ್ತು. ಜಯಲತಾ ಟೈಪು ಮಾಡಿಸ್ತೇನೆ ಅಂದಿದ್ದಾಳೆ. ಅದಕ್ಕಿಂತ ಮುಂಚೆ ಒಮ್ಮೆ ಕಡೆಯವರೆಗೆ ಕೇಳ್ಬೇಕು ನನಗೆ. ನೀನು ಓದು. ತಪ್ಪಿದ್ದಲ್ಲಿ ಹೇಳ್ತೇನೆ, ತಿದ್ದು."

"ನಾನಾ? ಮಾಸ್ತರ್ರೆ, ಒಂದು ಪುಟ ಓದ್ಲಿಕ್ಕೆ ನನಗೆ ಅರ್ಧ ಗಂಟೆ ಬೇಕು."

"ಮತ್ತೆ ಯಾರುಂಟು ಇಲ್ಲಿ? ಈ ಕಟ್ಟಡದಲ್ಲಿ ಕನ್ನಡ ಅಕ್ಷರ ಬರುವವರು ಇಬ್ಬರು. ಒಬ್ಬನಿಗೆ ಕಣ್ಣಿಲ್ಲ."

"ಇನ್ನೊಬ್ಬನಿಗೆ ತಲೆ ಇಲ್ಲ."

"ಅದು ನನಗೆ ಅಂದೇ ಗೊತ್ತು. ಕೂತ್ಕೊ."

ಹಾಗೆ ನಾಲ್ಕು ಗಂಟೆಯ ಓದು ಶುರುವಾಯಿತು.

ಪೂವಪ್ಪನಿಗೆ ಆ ನಾಲ್ಕು ಗಂಟೆ ಎಂಬುದು ಎಷ್ಟು ದೊಡ್ಡದು ಎಂದು ಮಾಸ್ತರರಿಗೆ ಗೊತ್ತಿರಲಿಕ್ಕಿಲ್ಲ. ಹೆಂಡತಿ ಬಾಗಿ ತೀರಿಹೋಗಿ ಆರು ವರ್ಷ. ಬೆಳಿಗ್ಗೆ ಎಂಟಕ್ಕೆ ಲತೇಶ ಹೋದರೆ ಒಂಬತ್ತಕ್ಕೆ ಸೊಸೆ ರಮಿತಾ ಕಲ್ಯಾಣದ ತನ್ನ ಆಫೀಸಿಗೆ. ಮೊಮ್ಮಗಳು ಮಾನಸಿಗೆ ಕಾಲೇಜು, ಕ್ಲಾಸು, ಕಿವಿಯಲ್ಲಿ ಸದಾ ವಯರು. ಅವರು ಕೆಟ್ಟವರಲ್ಲ. ಮಾವ, ಗುಳಿಗೆ ತಗೊಂಡ್ರಾ, ಮಾವ, ಮಧ್ಯಾಹ್ನ ಉಂಡ್ರಾ ಎಂದು ರಮಿತಾ ದಿನಕ್ಕೊಂದು ಸಲ ಫೋನಿನಲ್ಲಿ ಕೇಳುತ್ತಾಳೆ. ಆದರೆ ಬಾಯಿ ತೆರೆದು ನಾಲ್ಕು ಮಾತು ಆಡದೆ ಇಡೀ ದಿನ ಕಳೆದು, ಸಂಜೆ ಹಾಲಿನವನಿಗೆ ಮಾತಾಡಲು ಹೋದರೆ ದನಿ ಹೊರಡದೆ ಕೆಮ್ಮಬೇಕಾಗುತ್ತಿತ್ತು. ಈಗ ಮೂರೂವರೆಗೇ ಅವನು ಮುಖ ತೊಳೆದು, ಕನ್ನಡಕ ಒರೆಸಿಕೊಂಡು, ಮೆಟ್ಟಿಲ ಬಾಯಲ್ಲಿ ನಿಂತುಬಿಡುತ್ತಿದ್ದ.

ಬೆರಳನ್ನು ಅಕ್ಷರದ ಕೆಳಗೆ ಜರುಗಿಸುತ್ತ ಓದುತ್ತಿದ್ದ. ನೈಲ್ ನದಿ ಉಕ್ಕಿ ಬಂತು. ಮೊಹೆಂಜೊದಾರೋದ ಬೀದಿಗಳಲ್ಲಿ ಇಟ್ಟಿಗೆ ಮುಚ್ಚಿದ ಚರಂಡಿ ಬಂತು.

"ನಾಲ್ಕೂವರೆ ಸಾವಿರ ವರ್ಷ ಹಿಂದೆಯಾ ಮಾಸ್ತರ್ರೆ? ನಮ್ಮ ಗಲ್ಲಿಯ ಗಟಾರಕ್ಕೆ ಇನ್ನೂ ಮುಚ್ಚಳ ಇಲ್ಲ."

"ಓದು, ಓದು. ಟೀಕೆ ನಾನು ಬರೆದಿದ್ದೇನೆ."

ನಾಲ್ಕನೆಯ ಪುಸ್ತಕದಲ್ಲಿ ಹಡಗುಗಳು ಬಂದವು. ಪೂವಪ್ಪ ನಿಧಾನಕ್ಕೆ ಓದಿದ: 'ಮೆಲುಹ್ಹ ಎಂಬ ದೇಶದ ಹಡಗುಗಳು ತಮ್ಮ ಬಂದರಿಗೆ ಬರುತ್ತಿದ್ದುವೆಂದು ಈಗಿನ ಇರಾಕಿನ ಕಡೆಯ ಅರಸರು ಬರೆಸಿದ್ದಾರೆ. ಮರ, ದಂತ, ಕೆಂಪು ಮಣಿಗಳು ಅವುಗಳ ಸರಕು. ಈ ಮೆಲುಹ್ಹ ಸಿಂಧೂ ಬಯಲಿನ ಕಡೆಯದೇ ಇರಬೇಕೆಂದು ಹೆಚ್ಚಿನ ವಿದ್ವಾಂಸರು ತಿಳಿಯುತ್ತಾರೆ. ಸುಮೇರಿನ ಲಗಾಶ್ ಪಟ್ಟಣದ ಸೀಮೆಯಲ್ಲಿ ಮೆಲುಹ್ಹದವರ ಹಳ್ಳಿಯೊಂದಿತ್ತು. ಆದರೆ ಅಲ್ಲಿಯ ಜನರ ಹೆಸರುಗಳು ಆ ಹೊತ್ತಿಗೆ ಸುಮೇರರ ಹೆಸರುಗಳೇ ಆಗಿದ್ದವು.'

ಬೆರಳು ಅಲ್ಲೇ ನಿಂತಿತು.

"ಏನಾಯ್ತು?"

"ಅಲ್ಲ ಮಾಸ್ತರ್ರೆ, ಅವರೂ ನಮ್ಮ ಹಾಗೆ ಮಂಜಿ ಹತ್ತಿ ಹೋದವರೇ ಅಲ್ವಾ? ಅಂದ್ರೆ ಅವರ ಮೊಮ್ಮಕ್ಕಳೂ ಅಜ್ಜನಿಗೆ ಹಿಂದಿಯಲ್ಲಿ ಉತ್ತರ ಕೊಟ್ಟದ್ದು."

ಮಾಸ್ತರರು ನಕ್ಕರು. ನಗು ಕೆಮ್ಮಾಯಿತು, ಕೆಮ್ಮಿಗೆ ನೀರು ಕೊಡಬೇಕಾಯಿತು. "ನೀನು ಅಂದೂ ಹೀಗೇ," ಎಂದರು. "ಪಾಠಕ್ಕಿಂತ ಪ್ರಶ್ನೆ ಉದ್ದ."

ಆಟಿಯ ಅಮಾವಾಸ್ಯೆ ಬಂತು. ಅವತ್ತು ತುಳುನಾಡಿನವರು ತೀರಿಹೋದವರಿಗೆ ಬಡಿಸುತ್ತಾರೆ. ಪೂವಪ್ಪನೇ ಅಡುಗೆಗೆ ನಿಂತು ಬಾಗಿಗೆ ಇಷ್ಟವಾದ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ, ಬಾಳೆಲೆಯಲ್ಲಿ ಅನ್ನದ ಜೊತೆ ಇಟ್ಟು, ಅಡುಗೆ ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಕೂತ. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಎರಡೇ ದಿನ ಕಳೆದು ಓದಿದ ಪುಟದಲ್ಲಿ ಸುಮೇರಿನ ದೇವರಿಗೂ ಹೊತ್ತು ಹೊತ್ತಿಗೆ ಊಟ ಬಡಿಸಿ, ದೇವರು ಉಣ್ಣುವುದು ಕಾಣದಂತೆ ಪರದೆ ಎಳೆಯುತ್ತಿದ್ದರು, ಉಳಿದದ್ದು ಅರಸನಿಗೆ ಹೋಗುತ್ತಿತ್ತು ಎಂದು ಇತ್ತು.

"ನೋಡಿದ್ಯಾ?" ಎಂದರು ಮಾಸ್ತರರು. "ನಿಮ್ಮಲ್ಲಿ ಉಳಿದದ್ದು ಯಾರಿಗೆ ಹೋಯ್ತು?"

"ಮಾನಸಿಗೆ. ಅಮ್ಮನಿಗೆ ಬೇಕು ಅಂದ್ರೂ ಕೊಡ್ಲಿಲ್ಲ ಅವಳು."

"ಅಂದ್ರೆ ಅವಳೇ ಅರಸಿ."

ಆರನೆಯ ಪುಸ್ತಕ ಶುರುವಾಗುವ ಹೊತ್ತಿಗೆ ಶ್ರಾವಣ ಮುಗಿಯುತ್ತ ಬಂದಿತ್ತು. ಅಷ್ಟಮಿಯ ಹಿಂದಿನ ದಿನ ಬೆಳಗಿನಿಂದ ಮಳೆ ಹೊಡೆಯಿತು. ಗಟಾರದ ನೀರು ತಿರುಗಿ ಕಟ್ಟಡದೊಳಗೆ ಬಂತು. ಪೂವಪ್ಪ ಲುಂಗಿ ಎತ್ತಿಕಟ್ಟಿ ಇಳಿದು ನೋಡಿದರೆ ಒಂದನೇ ನಂಬರಿನಲ್ಲಿ ಹರಡು ಮುಳುಗುವಷ್ಟು ನೀರು. ಮಾಸ್ತರರು ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು.

"ಪುಸ್ತಕಗಳು?" ಎಂದರು.

ಹತ್ತು ಪುಸ್ತಕ ಕಪಾಟಿನಲ್ಲಿದ್ದವು. ಆರನೆಯದನ್ನು ಹಿಂದಿನ ದಿನ ಓದಿ, ನಾಳೆ ಬೇಕಲ್ಲ ಎಂದು ಗಿಡ್ಡ ಸ್ಟೂಲಿನ ಮೇಲೆ ಇಟ್ಟು ಹೋದವನು ಪೂವಪ್ಪನೇ. ಸ್ಟೂಲು ಅಡಿಮೇಲಾಗಿತ್ತು. ಪುಸ್ತಕ ನೀರಿನಲ್ಲಿ ತೇಲುತ್ತಿತ್ತು.

"ಎಲ್ಲಾ ಮೇಲೆ ಉಂಟು ಮಾಸ್ತರ್ರೆ. ಒಣಗಿಯೇ ಉಂಟು."

ಸುಳ್ಳು ಅಲ್ಲಿಂದ ಶುರುವಾಯಿತು. ನೀರು ಇಳಿದ ಮೇಲೆ ನೆಲ ಒರೆಸಿ, ಮಾಸ್ತರರಿಗೆ ಗಂಜಿ ಕೊಟ್ಟು, ಪುಸ್ತಕವನ್ನು ಬನಿಯನಿನ ಒಳಗೆ ಸೇರಿಸಿಕೊಂಡು ಅವನು ಮೇಲೆ ಹತ್ತಿದ.

ಪೂವಪ್ಪ ಡೊಂಬಿವಲಿಯ ಹೊಟೇಲಿನಲ್ಲಿ ಇಪ್ಪತ್ತೆರಡು ವರ್ಷ ದೋಸೆಯ ಕಾವಲಿಯ ಮುಂದೆ ನಿಂತವನು. ಹೊಟೇಲು ಮುಚ್ಚಿ ಅಲ್ಲಿ ಮೊಬೈಲಿನ ಅಂಗಡಿ ಆದಾಗ ಧಣಿ ಅವನಿಗೆ ಒಂದು ಸಣ್ಣ ಕಾವಲಿ ಕೊಟ್ಟಿದ್ದರು, ದಪ್ಪ ಕಬ್ಬಿಣದ್ದು. ಹೊಟೇಲಿನವರಿಗೆ ಒದ್ದೆ ಕಾಗದ ಒಣಗಿಸುವ ದಾರಿ ಒಂದೇ. ಮಳೆಯಲ್ಲಿ ನೆನೆದ ನೋಟು ಬಂದರೆ, ಕಾವಲಿಯ ಉರಿ ಆರಿಸಿ, ನೀರು ಚಿಮುಕಿಸಿ, ಹನಿ ಚುರುಗುಟ್ಟುವುದು ನಿಂತ ಮೇಲೆ ನೋಟು ಹರಡುವುದು. ಇಪ್ಪತ್ತಾರು ಜುಲೈಯ ಆ ದೊಡ್ಡ ನೆರೆಯ ಮರುದಿನ ಗಲ್ಲಾಪೆಟ್ಟಿಗೆಯ ನೋಟುಗಳನ್ನೆಲ್ಲ ಅವನು ಹಾಗೇ ಒಣಗಿಸಿದ್ದ, ಒಂದರ ಮೂಲೆಯೂ ಕಂದಿರಲಿಲ್ಲ.

ಮನೆಯಲ್ಲಿ ಯಾರೂ ಇರಲಿಲ್ಲ. ಪುಸ್ತಕದ ಹೊಲಿಗೆ ಬಿಡಿಸಿ, ಹಾಳೆಗಳನ್ನು ಒಂದೊಂದಾಗಿ ಕಾವಲಿಯ ಮೇಲಿಟ್ಟು ತೆಗೆದ. ಮಾಸ್ತರರ ಶಾಯಿ ಗಟ್ಟಿ, ಕದಡಿರಲಿಲ್ಲ. ಅರ್ಧ ಪುಸ್ತಕ ಚೆನ್ನಾಗಿಯೇ ಒಣಗಿತು. ಇನ್ನು ಬೇಗ ಆಗಲಿ ಎಂದು ನಡುವಿನ ಎಂಟು ಹಾಳೆಗಳನ್ನು ಒಟ್ಟಿಗೆ ಹರಡಿ, ಆರಿಸಿದ ಗ್ಯಾಸನ್ನು ಸಣ್ಣಗೆ ಹಚ್ಚಿದ. ಹೊಟೇಲಿನ ಭಟ್ಟಿಯಲ್ಲಿ ಬಿಸಿ ಇಡೀ ಕಾವಲಿಗೆ ಹರಡುತ್ತದೆ. ಮನೆಯ ಗ್ಯಾಸಿನ ಉರಿ ನಡುವಿನಲ್ಲೇ ನಿಲ್ಲುತ್ತದೆ. ಅದು ಗೊತ್ತಿಲ್ಲದವನೇನಲ್ಲ. ಆದರೆ ಕೈಯಲ್ಲಿ ಒಣಗಿದ ಒಂದು ಹಾಳೆ ಇತ್ತು, ಇದರ ಮುಂದೆ ನಾಳೆ ಏನು ಬರುತ್ತದೆ ನೋಡುವ ಎಂದು ಸ್ಟೂಲಿನ ಮೇಲೆ ಕೂತ.

'ಸುಮೇರಿನ ಪಟ್ಟಣಗಳಲ್ಲಿ ಎಲ್ಲರಿಗಿಂತ ಮೇಲೆ ಅರಸ. ಅವನ ಮಗ್ಗುಲಲ್ಲೇ ಅರ್ಚಕರು. ಅನಂತರ ಮಣ್ಣಿನ ಹಲಗೆಯಲ್ಲಿ ಬರೆಯುವ ಲಿಪಿಕಾರರು, ಅನಂತರ ವರ್ತಕರು, ಅನಂತರ ಕುಂಬಾರ ಕಮ್ಮಾರ ನೇಕಾರರು, ಬೇಸಾಯದವರು. ಇವರೆಲ್ಲರ ಕೆಳಗೆ ಇದ್ದವರು'

ಅಲ್ಲಿಗೆ ಪುಟ ಮುಗಿದಿತ್ತು. ಒಂದು ಪುಟ ಓದಲು ಅವನಿಗೆ ಬೇಕಾದ ಹೊತ್ತು ಅರ್ಧ ಗಂಟೆ. ತಲೆ ಎತ್ತುವಾಗ ಹೊಗೆ ಕಿಟಕಿಯ ತನಕ ಹೋಗಿತ್ತು. ಎಂಟು ಹಾಳೆ, ಹದಿನಾರು ಪುಟ, ಅಂಚಿನಲ್ಲಿ ದೋಸೆಯ ಹಾಗೆ ಕೆಂಪಾಗಿ ನಡುವೆ ಕರ್ರಗಾಗಿದ್ದವು. ಮುಟ್ಟಿದರೆ ಪುಡಿ. ಒಂದು ಅಕ್ಷರವೂ ಉಳಿದಿರಲಿಲ್ಲ.

ಸಂಜೆ ರಮಿತಾ ಬಂದವಳು ಮೂಗು ಅರಳಿಸಿ, "ಏನು ಮಾವ, ಏನೋ ಸೀದ ವಾಸನೆ?" ಎಂದಳು.

"ದೋಸೆ" ಎಂದ.

ಮರುದಿನ ನಾಲ್ಕು ಗಂಟೆಗೆ ಹೇಳಿಬಿಡಬೇಕೆಂದೇ ಇಳಿದ. ಮೆಟ್ಟಿಲ ಮೇಲೆ ಎರಡು ಸಲ ಅಭ್ಯಾಸವೂ ಮಾಡಿದ. ಮಾಸ್ತರರು ಒಗೆದ ಅಂಗಿ ಹಾಕಿಕೊಂಡು, ಸ್ಟೂಲು ಒರೆಸಿಟ್ಟು ಕಾದಿದ್ದರು. ಆ ಸ್ಟೂಲು ನೋಡಿದ ಮೇಲೆ ಹೇಳಲಾಗಲಿಲ್ಲ. ಹೇಳಿದರೆ ಹನ್ನೊಂದು ಪುಸ್ತಕವನ್ನೂ ಕಟ್ಟಿಡು, ಇನ್ನು ಜಯಲತಾಳೇ ಓದಲಿ ಎಂದಾರು. ಆಮೇಲೆ ದಿನದ ನಾಲ್ಕು ಗಂಟೆಗೆ ತಾನು ಎಲ್ಲಿ ಕೂರಬೇಕು?

ಪುಸ್ತಕ ತೆರೆದ. 'ಇವರೆಲ್ಲರ ಕೆಳಗೆ ಇದ್ದವರು' ಎಂದು ಓದಿದ. ಅಲ್ಲಿಗೆ ಪುಟ ಮುಗಿಯಿತು, ಮುಂದಿನ ಹಾಳೆಗಳಿಲ್ಲ.

"ಇದ್ದವರು?" ಎಂದರು ಮಾಸ್ತರರು.

"ಇದ್ದವರು... ಪಾತ್ರೆ ತೊಳೆಯುವವರು."

"ಹ್ಞೂಂ."

"ದೇವರ ಅಡುಗೆ ಮನೆಯ ಹಿಂದೆ ಒಂದು ಮೋರಿ ಇತ್ತು. ಹೊಸತಾಗಿ ಬಂದ ಹುಡುಗರನ್ನು ಮೊದಲು ಅಲ್ಲಿಗೆ ಹಾಕುತ್ತಿದ್ದರು. ಬೂದಿಯಲ್ಲಿ ತಿಕ್ಕಿ ತಿಕ್ಕಿ ಅವರ ಬೆರಳ ಸಂದಿ ಹುಣ್ಣಾಗುತ್ತಿತ್ತು. ಅವರು ಧಾನ್ಯದ ಗೋಣಿಗಳ ಮೇಲೆ ಮಲಗುತ್ತಿದ್ದರು."

ಪುಸ್ತಕದ ಭಾಷೆಯಲ್ಲೇ ಹೇಳಬೇಕಲ್ಲ ಎಂದು ಪೂವಪ್ಪ ಪ್ರತಿ ಮಾತಿಗೂ ತಡವರಿಸುತ್ತಿದ್ದ. ಅವನ ಓದು ಮೊದಲೇ ತಡವರಿಸುವುದು, ಹಾಗಾಗಿ ವ್ಯತ್ಯಾಸ ತಿಳಿಯಲಿಲ್ಲ. ಬೆರಳು ಮಾತ್ರ ಓದಿ ಮುಗಿದ ಪುಟದ ಮೇಲೆ ಜರುಗುತ್ತಲೇ ಇತ್ತು. ಮಾಸ್ತರರು ತಲೆ ಗೋಡೆಗೆ ಒರಗಿಸಿ ಕೇಳಿದರು. ಒಂದೂ ತಪ್ಪು ತೆಗೆಯಲಿಲ್ಲ.

ಎರಡನೆಯ ದಿನ ಇನ್ನೂ ಸಲೀಸಾಯಿತು. ಲಗಾಶದ ಹುಡುಗರಲ್ಲಿ ಮೋರಿಯಿಂದ ಮೇಲೆ ಬಂದವನು ಹಲಗೆ ಒರೆಸುವವನಾದ. ಹಲಗೆ ಒರೆಸಿ ಒರೆಸಿ ದೊಡ್ಡವನಾದವನು ಬಡಿಸುವವನಾದ. ಬಡಿಸುವವನ ಮೇಲೆ ಅಡುಗೆಯ ಭಟ್ಟ, ಭಟ್ಟನ ಮೇಲೆ ಬಾಗಿಲ ಬಳಿ ಕೂರುವ ಧಣಿ. ಆದರೆ ಕೆಲವು ಹುಡುಗರು ಎಷ್ಟು ವರ್ಷ ದುಡಿದರೂ ಅಡುಗೆ ಕೋಣೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ, ಅವರು ಹುಟ್ಟಿದ ಮನೆ ಬೇರೆ. ಒಲೆಯ ಬೆಂಕಿ ಮಾತ್ರ ಅವರೇ ಹೊತ್ತಿಸಬೇಕು, ನೀರು ಅವರೇ ಹೊರಬೇಕು, ಹೊಸ್ತಿಲ ತನಕ. ಅವರಲ್ಲೊಬ್ಬನ ತಾಯಿ ಹಡಗು ಹತ್ತಿಸುವಾಗ ಸೆರಗಿನ ತುದಿಯಲ್ಲಿ ಅವಲಕ್ಕಿ ಕಟ್ಟಿಕೊಟ್ಟಿದ್ದಳು. ಸೆರಗು ಹರಿದೇ ಕೊಟ್ಟಿದ್ದಳು. ಆ ಬಟ್ಟೆಯ ಚೂರನ್ನು ಅವನು ಬಹಳ ವರ್ಷ ಇಟ್ಟುಕೊಂಡಿದ್ದ.

ಇಷ್ಟು ಹೇಳಿ ಪೂವಪ್ಪ ಪುಸ್ತಕ ಮುಚ್ಚಿದ. ಈ ಮಾತನ್ನು ಅವನು ಬಾಗಿಗೂ ಹೇಳಿರಲಿಲ್ಲ. ಮೇಲೆ ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡ.

ಮೂರನೆಯ ದಿನ ಹುಮ್ಮಸ್ಸು ಹೆಚ್ಚಾಯಿತು. 'ಬೆಳಗಿನ ಜಾವ ಕೋಳಿ ಕೂಗುವ ಮುಂಚೆ ಎಲ್ಲರೂ ಏಳುತ್ತಿದ್ದರು. ಒಬ್ಬ ಕಟ್ಟಿಗೆ ಒಡೆಯುವನು. ಒಬ್ಬ ಹಿಟ್ಟು ರುಬ್ಬುವನು. ಒಬ್ಬ ಹೆರೆಮಣೆಯ ಮೇಲೆ ಕೂತು ನೂರು ತೆಂಗಿನಕಾಯಿ ಹೆರೆಯುವನು...'

"ನಿಲ್ಲು."

ಪೂವಪ್ಪ ನಿಂತ.

"ಲಗಾಶದಲ್ಲಿ ತೆಂಗಿನಕಾಯಿ ಎಲ್ಲಿಂದ ಬಂತು?"

ಮೇಲೆ ಯಾರದೋ ಮನೆಯಲ್ಲಿ ಕುಕ್ಕರು ಕೂಗಿತು.

"ಮಂಜಿಯಲ್ಲಿ... ನಮ್ಮ ಕಡೆಯಿಂದ ಬಂದಿರಬಹುದು ಮಾಸ್ತರ್ರೆ."

"ಅವರು ಖರ್ಜೂರ ತಿಂದವರು. ತೆಂಗಿನಕಾಯಿ ಅಂತ ನಾನು ಬರೆದಿಲ್ಲ." ಮಾಸ್ತರರು ಕೈ ಚಾಚಿದರು. "ಕೊಡಿಲ್ಲಿ."

ಅವರು ಪುಟಗಳನ್ನು ಬೆರಳಿನಿಂದ ಎಣಿಸಿದರು. ನಡುವಿನ ಬಿಚ್ಚಿದ ದಾರ ಸಿಕ್ಕಿತು. ಅಲ್ಲಿ ಏನೂ ಇರಲಿಲ್ಲ. ಪುಸ್ತಕವನ್ನು ಮೂಗಿಗೆ ಹಿಡಿದರು.

ಪೂವಪ್ಪ ಎಲ್ಲ ಹೇಳಿದ. ಸ್ಟೂಲು, ನೀರು, ಕಾವಲಿ, ಗ್ಯಾಸು.

"ಸುಟ್ಟದ್ದಕ್ಕೆ ಏನೂ ಹೇಳುದಿಲ್ಲ ನಾನು," ಎಂದರು ಮಾಸ್ತರರು. ದನಿ ಸಣ್ಣದಾಗಿತ್ತು. "ಮೂರು ದಿನ, ಪೂವಪ್ಪ. ಮೂರು ದಿನ ಕೂತು ಓದಿದ್ದಿ. ಕುರುಡನಿಗೆ ಏನು ಓದಿದ್ರೂ ಆಗ್ತದೆ ಅಂತ ಎಣಿಸಿದಿ."

"ಹಾಗಲ್ಲ ಮಾಸ್ತರ್ರೆ..."

"ಮತ್ತೆ ಹೇಗೆ? ಇದನ್ನೇ ಟೈಪು ಮಾಡಿಸಿ ಕೊಡ್ತಿದ್ದೆ ನಾನು. ಓದಿದ ಮಕ್ಕಳು ಲಗಾಶದಲ್ಲಿ ತೆಂಗಿನಕಾಯಿ ಉಂಟು ಅಂತ ನಂಬ್ತಿದ್ರು. ಬಾಗಿಲು ಹಾಕ್ಕೊಂಡು ಹೋಗು."

ಪೂವಪ್ಪ ಬಾಗಿಲು ಹಾಕಿಕೊಂಡು ಬಂದ.

ಹನ್ನೊಂದು ದಿನ ಅವನು ಕೆಳಗಿನ ಬಾಗಿಲು ತಟ್ಟಲಿಲ್ಲ. ಅಲ್ಲಿಂದಲೂ ಕರೆ ಬರಲಿಲ್ಲ. ನಾಲ್ಕು ಗಂಟೆಯಾದರೆ ಮನೆಯಲ್ಲಿ ಕೂರಲಾಗದೆ ಠಾಕುರ್ಲಿ ಸ್ಟೇಷನ್ನಿಗೆ ಹೋಗಿ ಬೆಂಚಿನಲ್ಲಿ ಕೂರುತ್ತಿದ್ದ. ಕಲ್ಯಾಣದ ಕಡೆಯ ಗಾಡಿ ಬಂದರೆ ಜನ ಇಳಿದರು, ಹೋದರು. ಸಿಎಸ್‌ಟಿ ಕಡೆಯ ಗಾಡಿ ಬಂದರೆ ಹತ್ತಿದರು, ಹೋದರು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತವರು 'ಕಿತನಾ ಬಜಾ ಚಾಚಾ' ಎಂದು ಕೇಳಿದರೆ ಗಡಿಯಾರ ತೋರಿಸುತ್ತಿದ್ದ. ಮನೆಯಲ್ಲಿ ಐರೋಲಿಯ ಮಾತೇ ಮಾತು. ಅಲ್ಲಿ ಲಿಫ್ಟು ಇದೆ, ಕಡಲ ಖಾಡಿಯ ಗಾಳಿ ಬರುತ್ತದೆ, ಮಾವನಿಗೆ ಬೇರೆ ಕೋಣೆ ಸಿಗುತ್ತದೆ ಎಂದಳು ರಮಿತಾ. ಬೇರೆ ಕೋಣೆ ಎಂದಾಗ ಪೂವಪ್ಪ ಆಯಿತು ಎಂದ.

ಚೌತಿಯ ಮರುದಿನ ಮಾನಸಿ ಒಳಗೆ ಬಂದು, ಕಿವಿಯ ಒಂದು ವಯರು ತೆಗೆದು, "ಅಜ್ಜಾ, ವೋ ನೀಚೇವಾಲೇ ಸರ್ ಬುಲಾ ರಹೇ ಹೈಂ. ಪೆನ್ ಲೇಕೇ ಆನಾ ಬೋಲಾ" ಎಂದಳು.

ಪೂವಪ್ಪ ಪೆನ್ನು ಹಿಡಿದು ಇಳಿದ. ಮಾಸ್ತರರ ಗಡ್ಡ ಬೆಳೆದಿತ್ತು. ಸ್ಟೂಲು ಇದ್ದ ಜಾಗದಲ್ಲೇ ಇತ್ತು.

"ಆ ಹದಿನಾರು ಪುಟದಲ್ಲಿ ಎಂತ ಬರೆದಿದ್ದೆ ಅಂತ ನೆನಪು ಮಾಡ್ಲಿಕ್ಕೆ ನೋಡಿದೆ," ಎಂದರು. "ಹನ್ನೊಂದು ದಿನ ನೋಡಿದೆ. ಒಂದು ಗೆರೆ ಬರ್ಲಿಲ್ಲ. ಪುಸ್ತಕದಲ್ಲಿ ಉಂಟು ಅಂತ ತಲೆ ಬಿಟ್ಟುಬಿಟ್ಟಿದೆ."

"ನನ್ನಿಂದ ಹೋಯ್ತು ಮಾಸ್ತರ್ರೆ."

"ಹೌದು. ನಿನ್ನಿಂದ ಹೋಯ್ತು."

ಪೂವಪ್ಪ ಸ್ಟೂಲಿನ ಮೇಲೆ ಕೂತ. ಆಮೇಲೆ ಮಾಸ್ತರರು ಹೇಳಿದರು: "ಸುಮೇರದವರ ಮಣ್ಣಿನ ಹಲಗೆ ಸಿಗ್ತದಲ್ಲ, ಅದರಲ್ಲಿ ಅರ್ಧಕ್ಕರ್ಧ ಒಡೆದದ್ದು. ಓದುವವರು ಒಡೆದಲ್ಲಿ ಏನು ಮಾಡ್ತಾರೆ? ತಮ್ಮ ತಲೆಯಿಂದ ತುಂಬಿಸುದಿಲ್ಲ. ಇಲ್ಲಿ ಒಡೆದಿದೆ, ಇಷ್ಟು ಸಾಲು ಹೋಗಿದೆ ಅಂತ ಬರೆದು ಮುಂದೆ ಹೋಗ್ತಾರೆ. ಬರಿ."

ಪೂವಪ್ಪ ಆರನೆಯ ಪುಸ್ತಕ ತೆರೆದು, ಬಿಚ್ಚಿದ ದಾರದ ಪಕ್ಕದಲ್ಲಿ ಬರೆದ: ಇಲ್ಲಿ ಸುಟ್ಟಿದೆ. ಹದಿನಾರು ಪುಟ.

"ಬರೆದ್ಯಾ? ಯಾರು ಸುಟ್ಟದ್ದು?"

"ನಾನು."

"ನಾನು ಅಂದ್ರೆ ಓದುವವನಿಗೆ ಗೊತ್ತಾಗ್ತದಾ? ಹೆಸರು ಬರಿ."

ಪೂವಪ್ಪ ಹೆಸರು ಬರೆದ. ಅಕ್ಷರ ಸ್ವಲ್ಪ ದೊಡ್ಡದಾಯಿತು.

"ಈಗ ಇನ್ನೊಂದು." ಮಾಸ್ತರರು ದಿಂಬಿನ ಅಡಿಯಿಂದ ಒಂದು ಹೊಸ ಪುಸ್ತಕ ತೆಗೆದರು. ಎದುರು ಅಂಗಡಿಯಿಂದ ಯಾರಿಂದಲೋ ತರಿಸಿದ್ದು, ಹೊದಿಕೆಯ ಮೇಲೆ ಮೊಲದ ಚಿತ್ರ ಇತ್ತು. "ಮೂರು ದಿನ ಹೇಳಿದಿಯಲ್ಲ, ಅದು ಲಗಾಶದ್ದಲ್ಲ. ಅಲ್ಲಿ ಹಾಕಿದ್ದು ತಪ್ಪು, ಅದನ್ನು ನಾನು ಒಪ್ಪುದಿಲ್ಲ. ಆದ್ರೆ ಆ ಹುಡುಗ, ಅವಲಕ್ಕಿ, ಸೆರಗು... ಅದು ಸುಳ್ಳಾ?"

"ಅಲ್ಲ."

"ನನ್ನ ಎದುರಿನ ಬೆಂಚಿನಲ್ಲಿ ಕೂತವ. ನಾನು ಅವನಿಗೆ ಈಜಿಪ್ಟು ಹೇಳಿದೆ. ಕೈಗೆ ಎಂತಾಯ್ತು ಅಂತ ಕೇಳಿರ್ಲಿಲ್ಲ." ಮಾಸ್ತರರು ಪುಸ್ತಕವನ್ನು ಅವನ ಮಡಿಲಿಗೆ ಹಾಕಿದರು. "ಇದರಲ್ಲಿ ಬರಿ. ಮೇಲೆ, ಈ ಓದು ಯಾವ ಕಾಲ ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಬರಿ. ಕೆಳಗೆ, ಯಾರು ಹೋದ್ರು, ಯಾವ ದಿನ ಅಂತ ಬರಿ. ಅಷ್ಟಿದ್ರೆ ಮುಂದೆ ಓದುವವ ನಂಬ್ತಾನೆ. ಈಗ ಏಳನೇ ಪುಸ್ತಕ ತೆಗಿ. ಹನ್ನೊಂದು ದಿನ ಹಾಳಾಯ್ತು."

ಅಲ್ಲಿಂದ ಓಡಿದಂತೆ ಓದಿದರು. ಓಡಿದರೂ ಪೂವಪ್ಪನ ಓದು ಪೂವಪ್ಪನ ಓದೇ. ಬೆಳಿಗ್ಗೆ ಒಂದು ಸಲ, ನಾಲ್ಕು ಗಂಟೆಗೆ ಒಂದು ಸಲ. ಕಟ್ಟಡದಿಂದ ಒಂದೊಂದೇ ಸಂಸಾರ ಟೆಂಪೋ ಹತ್ತಿ ಹೋಯಿತು. ಎರಡನೆಯ ಮಾಳಿಗೆಯ ಕಿಟಕಿಗಳನ್ನು ಬಿಚ್ಚಿ ಒಯ್ದರು. ಸಂಜೆ ಮೆಟ್ಟಿಲು ಹತ್ತುವಾಗ ತನ್ನ ಹೆಜ್ಜೆಯೇ ಖಾಲಿ ಮನೆಗಳಿಂದ ತಿರುಗಿ ಕೇಳುತ್ತಿತ್ತು. ಪೂವಪ್ಪ ಮಧ್ಯಾಹ್ನ ಊಟವಾದ ಮೇಲೆ ಮೊಲದ ಚಿತ್ರದ ಪುಸ್ತಕದಲ್ಲಿ ದಿನಕ್ಕೆ ಅರ್ಧ ಪುಟ ಬರೆದ. ತೆಂಗಿನಕಾಯಿ ಹೆರೆಯುವವನ ಹೆಸರು ಚೆನ್ನಯ ಎಂದು ಈಗ ನೆನಪಾಯಿತು. ಅದನ್ನೂ ಬರೆದ.

ವಿಜಯದಶಮಿಯ ಮರುದಿನ ಜಯಲತಾ ಬಂದಳು. ಕುಂದಾಪುರದಲ್ಲಿ ಶಾಲೆಯ ಟೀಚರು, ಚುರುಕಿನ ಹೆಂಗಸು. ಅರ್ಧ ದಿನದಲ್ಲಿ ಇಡೀ ಮನೆಯನ್ನು ಎರಡು ಬ್ಯಾಗು, ಮೂರು ರಟ್ಟಿನ ಪೆಟ್ಟಿಗೆಗೆ ತುಂಬಿಸಿದಳು. ಸೋಮವಾರ ಮಧ್ಯಾಹ್ನ ಠಾಣೆಯಿಂದ ಮತ್ಸ್ಯಗಂಧ. ಆ ಬೆಳಿಗ್ಗೆ ಹನ್ನೊಂದನೆಯ ಪುಸ್ತಕದಲ್ಲಿ ಒಂಬತ್ತು ಪುಟ ಉಳಿದಿತ್ತು.

ಮಂಚ ಆಗಲೇ ಹೋಗಿತ್ತು. ಮಾಸ್ತರರು ಪೆಟ್ಟಿಗೆಯ ಮೇಲೆ, ಪೂವಪ್ಪ ಸ್ಟೂಲಿನ ಮೇಲೆ. ಪಟ್ಟಣಗಳು ಒಂದೊಂದಾಗಿ ಬರಿದಾಗುವ ಅಧ್ಯಾಯ. ನದಿ ದಿಕ್ಕು ಬದಲಿಸಿತು, ಹಡಗು ಬರುವುದು ನಿಂತಿತು, ಜನ ಗಂಟು ಕಟ್ಟಿ ಬೇರೆ ಕಡೆ ಹೋದರು. ಜಯಲತಾ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದಳು.

"ಮಾವ, ನಾನು ಓದ್ಲಾ? ಹತ್ತು ನಿಮಿಷದಲ್ಲಿ ಮುಗೀತದೆ."

"ಬೇಡ. ಅವನು ಓದ್ಲಿ."

"ಕಾರು ಒಂದೂವರೆಗೆ ಬರ್ತದೆ."

"ಬರ್ಲಿ."

ಕಾರು ಒಂದೂ ಇಪ್ಪತ್ತಕ್ಕೇ ಬಂತು. ಡ್ರೈವರು ಹಾರ್ನು ಹೊಡೆದ. ಪೂವಪ್ಪ ಓದುತ್ತಲೇ ಇದ್ದ. ಜಯಲತಾ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊರಿಸಿ, ಕಡೆಗೆ ಮಾಸ್ತರರು ಕೂತ ಪೆಟ್ಟಿಗೆಯ ಹತ್ತಿರ ನಿಂತಳು. ಮಾಸ್ತರರು ಎದ್ದರು. ಪೂವಪ್ಪ ಅವರ ಕೈ ಹಿಡಿದು ಮೂರು ಮೆಟ್ಟಿಲು ಇಳಿಸಿದ. ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದ ಕೈ ಎಂದು ಹೇಳುವ ಹಾಗಿರಲಿಲ್ಲ, ಅಷ್ಟು ಹಗುರ.

"ಎಷ್ಟು ಉಳೀತು?" ಎಂದರು ಕಾರಿನಲ್ಲಿ ಕೂತು.

"ಎರಡು ಪುಟ ಮಾಸ್ತರ್ರೆ."

"ಬರಿ. ಇಲ್ಲಿಗೆ ನಿಂತಿದೆ. ಎರಡು ಪುಟ ಓದ್ಲಿಲ್ಲ."

ಪೂವಪ್ಪ ಹನ್ನೊಂದನೆಯ ಪುಸ್ತಕವನ್ನು ಕಾರಿನ ಮೇಲಿಟ್ಟು ಬರೆದ. "ಯಾಕೆ ಅಂತ ಬರೀಲಿ?"

"ಕಾರು ಬಂತು ಅಂತ."

ಅದನ್ನೂ ಬರೆದು ಪುಸ್ತಕವನ್ನು ಜಯಲತಾಳ ಕೈಗೆ ಕೊಟ್ಟ. ಮಾಸ್ತರರು ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಳಿಯಲ್ಲಿ ಅವನ ತಲೆ ಎಲ್ಲಿದೆ ಎಂದು ಹುಡುಕಿದರು. ಪೂವಪ್ಪ ಬಗ್ಗಿದ. ಕೈ ಸಿಕ್ಕಿದ್ದು ಕಿವಿ. ಶಾಲೆಯ ದಿನಗಳಲ್ಲಿ ಹಿಂಡುತ್ತಿದ್ದ ಹಾಗೆ ಮೆಲ್ಲಗೆ ಹಿಂಡಿದರು.

"ತೆಂಗಿನಕಾಯಿ," ಎಂದರು.

ಕಾರು ಗಲ್ಲಿಯ ತಿರುವಿನಲ್ಲಿ ಒಂದು ಟೆಂಪೋಗೆ ದಾರಿ ಬಿಟ್ಟು, ಆಮೇಲೆ ಕಾಣಲಿಲ್ಲ.

ಪೂವಪ್ಪ ಮೇಲೆ ಹೋಗಿ ಉಂಡ. ಪಾತ್ರೆ ತೊಳೆದ. ಗಡಿಯಾರ ನೋಡಬಾರದೆಂದು ಗೋಡೆಗೆ ಬೆನ್ನು ಹಾಕಿ ಕೂತ. ಆದರೂ ಕಾಲಿಗೆ ಗೊತ್ತಾಗುತ್ತದೆ. ಮುಖ ತೊಳೆದು, ಕನ್ನಡಕ ಒರೆಸಿ, ಮೊಲದ ಪುಸ್ತಕ ಹಿಡಿದು ಇಳಿದ. ಒಂದನೇ ನಂಬರಿಗೆ ಬೀಗ. ಸ್ಟೂಲನ್ನು ಯಾರಿಗೂ ಬೇಡವೆಂದು ಹೊರಗೆ ಇಟ್ಟಿದ್ದರು. ಅದರ ಮೇಲೆ ಕೂತ. ಮಳೆ ಇಲ್ಲ, ಬಿಸಿಲು ಗೇಟಿನ ತನಕ ಬಂದಿತ್ತು. ಕಲ್ಯಾಣದ ಕಡೆಯ ಗಾಡಿಯೊಂದು ಹೋದ ಸದ್ದು ಕೇಳಿತು. ಅದು ಪೂರ್ತಿ ದೂರವಾಗುವ ತನಕ ಕಾದು, ಪುಸ್ತಕದ ಮೊದಲ ಪುಟ ತೆರೆದು, ಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆದ: ಆಟಿ ತಿಂಗಳು, ಮಧ್ಯಾಹ್ನ ನಾಲ್ಕು ಗಂಟೆ, ಮಳೆ.

ಆಮೇಲೆ ಕಡೆಯ ಪುಟಕ್ಕೆ ಬಂದು, ಅಕ್ಷರಕ್ಕೊಂದು ಉಸಿರಿನ ಹಾಗೆ ಬರೆದ.

ಪುಂಡರೀಕಾಕ್ಷ ಮಾಸ್ತರರು ಹೋದರು. ೨೦೨೪ನೇ ಇಸವಿ, ಅಕ್ಟೋಬರ್ ೧೪, ಸೋಮವಾರ.